ಮೊದಲ ಸಾಲಿನ ಶ್ರೀ

ನಮ್ಮ ಸರ್‌ಗೆ ತಲೆಯ ಮೇಲೆ ಶ್ರೀ ಇಲ್ಲದ ಕಾಗದ ಕಂಡರೆ ಆಗುತ್ತಿರಲಿಲ್ಲ. ರಜೆ ಚೀಟಿಗೂ ಶ್ರೀ, ಕಾಯಿಪಲ್ಲೆ ತರುವ ಚೀಟಿಗೂ ಶ್ರೀ, ಆಫೀಸಿನ ಬಿಳಿ ಬೋರ್ಡಿನ ಮೇಲೆ ಯಾವ ಕೇಬಲ್ ಎಲ್ಲಿಗೆ ಹೋಗಬೇಕೆಂದು ಗೆರೆ ಎಳೆಯುವ ಮೊದಲೂ ಶ್ರೀ. ಆಚೆಗೆರಡು ಈಚೆಗೆರಡು ನಿಂತ ಗೆರೆ, ನಡುವೆ ದುಂಡಗಿನ ಅಕ್ಷರ. ಅವರ ಅಪ್ಪ ದಾವಣಗೆರೆಯಲ್ಲಿ ಕಾಳಿನ ಮಂಡಿ ಇಟ್ಟಿದ್ದವರು. ಅಲ್ಲಿ ಬರೆಯಲು ಕೂತವರು ಯಾರೇ ಆಗಲಿ, ಮೊದಲು ಶ್ರೀ ಹಾಕಬೇಕು, ಆಮೇಲೆ ಮಾತು. ಮಂಡಿ ಮುಚ್ಚಿತು, ಅಣ್ಣತಮ್ಮಂದಿರು ಬೇರೆಯಾದರು, ಇವರು ಕಂಪ್ಯೂಟರ್ ಕಲಿತು ಆಸ್ಪತ್ರೆಯ ಕೆಲಸಕ್ಕೆ ಸೇರಿ ಹರಿಹರದಲ್ಲಿ ಮನೆ ಮಾಡಿದರು. ಶ್ರೀ ಮಾತ್ರ ಕೈಬಿಡಲಿಲ್ಲ.

"ತಲೆ ಬೋಳು ಬಿಡಬಾರ್ದವ್ವ. ನೋಡಾಕೆ ಒಂಥರಾ ಆಗ್ತೈತೆ," ಎನ್ನುತ್ತಿದ್ದರು.

ನನ್ನ ಬಾಯಿ ಸುಮ್ಮನಿರುವುದಲ್ಲ. "ಸರ್, ಇಂಜೆಕ್ಷನ್ ಸೂಜಿ ಮ್ಯಾಲೂ ಒಂದು ಹಾಕಿಬಿಡ್ರಿ, ಪೇಷಂಟ್‌ಗಳಿಗೆ ನೋವು ಕಮ್ಮಿ ಆದ್ರೂ ಆಗ್ಲಿ," ಎಂದು ಕಾಲೆಳೆಯುತ್ತಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ನಿನ್ನ ಬಾಯಿಗೆ ಮೊದ್ಲು ಹಾಕ್ಬೇಕು," ಅನ್ನುತ್ತಿದ್ದರು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆ ಆಸ್ಪತ್ರೆಯ ಕೆಳಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ತಣ್ಣನೆ ಕೋಣೆಯಲ್ಲಿ, ನಾವಿಬ್ಬರೇ ವರ್ಷಗಟ್ಟಲೆ ಹೀಗೆ ಒಬ್ಬರನ್ನೊಬ್ಬರು ರೇಗಿಸಿಕೊಂಡು ಕೆಲಸ ಮಾಡಿದೆವು. ನಾನು ಮಲೆಬೆನ್ನೂರಿನ ಕಡೆಯ ಗದ್ದೆ ಮನೆಯ ಹುಡುಗಿ. ನೆಟ್‌ವರ್ಕ್ ಕೆಲಸದ ಅ ಆ ಇ ಈ ಕಲಿತದ್ದೆಲ್ಲ ಅವರ ಪಕ್ಕದ ಕುರ್ಚಿಯಲ್ಲಿ ಕೂತು.

ನಮ್ಮ ಕೆಲಸ ಏನೆಂದು ನನ್ನ ಅತ್ತೆ ಒಮ್ಮೆ ಕೇಳಿದ್ದರು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಅವರ ಜೊತೆ ಅವರೆಕಾಯಿ ಸುಲಿಯುತ್ತಾ ಹೇಳಿದೆ: ಆಸ್ಪತ್ರೆಯ ಕಂಪ್ಯೂಟರುಗಳಿಗೆ ಒಬ್ಬ ಕಾವಲುಗಾರ ಇರುತ್ತಾನೆ, ಅವನ ಹೆಸರು ಫೈರ್‌ವಾಲ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಅವನ ಕೈಗೆ ಒಂದು ಪಟ್ಟಿ ಕೊಟ್ಟಿರುತ್ತೇವೆ. ದಾವಣಗೆರೆಯ ಬಾಗಿಲಲ್ಲಿ ಒಬ್ಬ, ಹರಿಹರದ ನಮ್ಮ ಸಣ್ಣ ಶಾಖೆಯ ಬಾಗಿಲಲ್ಲಿ ಇನ್ನೊಬ್ಬ. ಇಬ್ಬರಿಗೂ ಪಟ್ಟಿ ಬರೆದು ಕಳಿಸುವ ಯಜಮಾನ ಬೇರೆ ಒಂದು ಯಂತ್ರ, ಅದು ಮ್ಯಾನೇಜ್‌ಮೆಂಟ್ ಸರ್ವರ್. ಅತ್ತೆ ಪೂರ್ತಿ ಕೇಳಿ, "ಹಂಗಾದ್ರೆ ನೀನು ವಾಚ್‌ಮನ್‌ಗಳಿಗೆ ಬಯ್ಯೋ ಕೆಲ್ಸ ಮಾಡ್ತೀ ಅನ್ನು," ಎಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಆ ಪಟ್ಟಿಯನ್ನು ಬರೆದವರು ಸರ್. ಒಂದೊಂದು ಸಾಲೂ ಅವರದೇ. ಸಾಲುಗಳ ನಡುವೆ ತಲೆಬರಹ ಹಾಕಿಕೊಳ್ಳಲು ಅದರಲ್ಲಿ ಜಾಗವಿತ್ತು. ಇಂತಿಷ್ಟು ಸಾಲು ಲ್ಯಾಬಿನದು, ಇಂತಿಷ್ಟು ಔಷಧಿ ಅಂಗಡಿಯದು ಎಂದು ಗುರುತಿಗಾಗಿ. ಸರ್ ಮಾಡಿದ ಮೊದಲ ಕೆಲಸವೆಂದರೆ ಎಲ್ಲದರ ಮೇಲೆ ಒಂದು ತಲೆಬರಹ ಹಾಕಿ ಅದರಲ್ಲಿ ಶ್ರೀ ಬರೆದದ್ದು. ಮೊದಮೊದಲು ಅದು ಪರದೆಯ ಮೇಲೆ ಬರೀ ಚೌಕಗಳಾಗಿ ಕಂಡಿತಂತೆ. ಅಕ್ಷರ ಸರಿಯಾಗಿ ಮೂಡುವವರೆಗೆ ಅವರು ಊಟಕ್ಕೂ ಏಳಲಿಲ್ಲವಂತೆ. ಅದು ಯಾರನ್ನೂ ಒಳಗೆ ಬಿಡುವುದಿಲ್ಲ, ಯಾರನ್ನೂ ತಡೆಯುವುದಿಲ್ಲ, ಉಳಿದ ಸಾಲುಗಳಿಗಿರುವಂತೆ ಅದಕ್ಕೆ ಒಂದು ಅಂಕಿಯೂ ಇಲ್ಲ. ಸುಮ್ಮನೆ ಎಲ್ಲದರ ತಲೆಯ ಮೇಲೆ ಕೂತಿತ್ತು. ನಾನು ಕೆಲಸಕ್ಕೆ ಸೇರಿದಂದಿನಿಂದ ದಿನಾ ಬೆಳಗ್ಗೆ ಪರದೆ ತೆಗೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದೇ.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಸ್ನಾನಕ್ಕೆ ಹೋದ ಸರ್ ಹೊರಗೆ ಬರಲಿಲ್ಲ. ಎದೆಬಡಿತ ನಿಂತುಹೋಗಿತ್ತು. ನಾನು ಹರಿಹರ ಮುಟ್ಟುವ ಹೊತ್ತಿಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಮೈಮೇಲೆಲ್ಲ ವಿಭೂತಿ. ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ಅವರನ್ನು ನಾನು ಅಕ್ಕಾರ ಎಂದೇ ಕರೆಯುವುದು. ಮಕ್ಕಳಿಲ್ಲದ ಮನೆ. ನನ್ನನ್ನು ಕಂಡರೆ ಅವರಿಗೆ ಮಗಳ ಮೇಲಿನಷ್ಟು ಪ್ರೀತಿ. ಅಕ್ಕಾರ ಹಣೆಯ ಕುಂಕುಮವನ್ನು ಆಗಲೇ ಯಾರೋ ಒರೆಸಿಬಿಟ್ಟಿದ್ದರು. ನೆಟ್ಟಗೆ ಕೂಡ ಒರೆಸಿರಲಿಲ್ಲ, ಹುಬ್ಬಿನವರೆಗೆ ಕೆಂಪು ಹರಡಿಕೊಂಡಿತ್ತು. ಅಷ್ಟು ಅವಸರ ಏನಿತ್ತು ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅದು ಜಗಳ ತೆಗೆಯುವ ಹೊತ್ತಲ್ಲ.

ತೀರಿಕೊಂಡವರಿಗಾಗಿ ಮಾಡುವ ಗಣಾರಾಧನೆಯ ದಿನ, ಊಟಕ್ಕೆ ಬಡಿಸುತ್ತಿದ್ದ ನನ್ನನ್ನು ಅಕ್ಕಾರ ಅಡುಗೆಮನೆಯ ಮೂಲೆಗೆ ಕರೆದರು.

"ಅಲ್ಲಿ ಅವರು ಒಂದು ಶ್ರೀ ಹಾಕಿದ್ರಂತಲ್ಲ, ಐತೇನವ್ವ ಅದು?"

"ಐತ್ರೀ ಅಕ್ಕಾರ. ಹಂಗೇ ಐತೆ."

"ಅದನ್ನ ಅಳಿಸಬ್ಯಾಡ. ಅವರ ಹೆಸ್ರು ಎಲ್ಲೂ ಬರ್ಲಿಲ್ಲ ನೋಡು, ಒಂದು ಬೋರ್ಡಿನ ಮ್ಯಾಲೂ ಇಲ್ಲ. ಅದನ್ನೊಂದು ದಿನಾ ಹೇಳಿಕೊಳ್ಳೋರು. ನಾನು ಹಾಕಿದ ಶ್ರೀ ಕೆಳಗೆ ಇಡೀ ಆಸ್ಪತ್ರೆ ನಡೀತೈತೆ ಕಣೇ ಅಂತ. ಅದೊಂದು ಇರ್ಲಿ."

"ನಾನಿರೋ ತನಕ ಅದಕ್ಕೆ ಯಾರು ಕೈ ಹಚ್ತಾರೋ ನೋಡೇಬಿಡ್ತೀನಿ," ಎಂದೆ. ಅಕ್ಕಾರ ನನ್ನ ಕೆನ್ನೆ ಸವರಿ ಬೆರಳು ಲಟಿಕೆ ಮುರಿದರು.

ಬೇಸಿಗೆಯ ಹೊತ್ತಿಗೆ ಹರಿಹರದ ಶಾಖೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂತು. ಅಲ್ಲಿ ತೆಗೆದ ಚಿತ್ರ ದಾವಣಗೆರೆಗೆ ಬರಬೇಕು, ಇಲ್ಲಿನ ಡಾಕ್ಟರು ನೋಡಿ ಹೇಳಬೇಕು. ಅದಕ್ಕೆಂದು ಹರಿಹರದ ಬಾಗಿಲಿಗೆ ಹೊಸ ಕಾವಲುಗಾರನನ್ನೂ ತಂದರು. ನಮ್ಮ ಹಳೇ ಯಜಮಾನನಿಗೆ, ಅಂದರೆ ಮ್ಯಾನೇಜ್‌ಮೆಂಟ್ ಸರ್ವರಿಗೆ, ಈ ಹೊಸ ಕಾವಲುಗಾರನ ಗುರುತೇ ಹತ್ತಲಿಲ್ಲ. ಅದು ಅಷ್ಟು ಹಳೆಯದಾಗಿತ್ತು. ಹಾಗಾಗಿ ಹೊಸ ಸರ್ವರ್ ಕೂರಿಸಿ, ಹಳೆಯದರಲ್ಲಿರುವ ಪಟ್ಟಿ, ಹೆಸರು, ವಿಳಾಸ ಎಲ್ಲವನ್ನೂ, ಅಂದರೆ ಇಡೀ ಡೇಟಾಬೇಸನ್ನು, ಅದಕ್ಕೆ ದಾಟಿಸಬೇಕಾಯಿತು. ಸೋಮವಾರ ಸ್ಕ್ಯಾನಿಂಗ್ ಶುರು. ಅಷ್ಟರೊಳಗೆ ದಾರಿ ತೆರೆಯದಿದ್ದರೆ ಹರಿಹರದ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಇಲ್ಲಿಗೆ ಓಡಬೇಕು. ಭಾನುವಾರ ಮಾಡಿ ಮುಗಿಸಿ ಎಂದರು ನಮ್ಮ ಆಡಳಿತಾಧಿಕಾರಿ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಸ್ಕೂಟಿ ಹತ್ತಿ ಹೋದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆಂದು ಹೇಳಿಯೂ ಬಂದಿದ್ದೆ, ಅಷ್ಟು ಧೈರ್ಯ. ಹಳೇ ಸರ್ವರಿನಿಂದ ಗಂಟು ಕಟ್ಟಿ ತೆಗೆದದ್ದೆಲ್ಲ ಸುಸೂತ್ರ ಆಯಿತು. ನಡುವೆ ಒಂದಿಷ್ಟು ಹಳದಿ ಎಚ್ಚರಿಕೆಗಳು ಬಂದವು. ಹಳದಿ ನೋಡಿ ನಿಲ್ಲುವವರು ನಮ್ಮೂರಿನ ಸಿಗ್ನಲ್ಲಿನಲ್ಲೇ ಇಲ್ಲ, ನಾನು ಯಾಕೆ ನಿಲ್ಲಲಿ? ಮುಂದೆ ಹೋದೆ. ಹೊಸ ಸರ್ವರಿನಲ್ಲಿ ಗಂಟು ಬಿಚ್ಚಲು ಹಚ್ಚಿ, ಪಕ್ಕದ ಅಂಗಡಿಯ ಮಂಡಕ್ಕಿ ತರಿಸಿಕೊಂಡು ಕೂತೆ. ಪರದೆಯ ಮೇಲೆ, ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟೆ ಮೆಲ್ಲಗೆ ತುಂಬುತ್ತಾ ಹೋಯಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಗಕ್ಕನೆ ನಿಂತು ಕೆಂಪಾಯಿತು. ಡೇಟಾಬೇಸ್ ಮೈಗ್ರೇಷನ್ ವಿಫಲ, ಅಂದರೆ ಗಂಟು ದಾಟಲಿಲ್ಲ.

"ಥೂ ನಿನ್ನ!" ಎಂದೆ ಗಟ್ಟಿಯಾಗಿ. ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಪಕ್ಕದ ಕುರ್ಚಿ ಖಾಲಿ ಇತ್ತು. ಹೀಗೆ ಕೆಂಪಾದಾಗಲೆಲ್ಲ ಸರ್ ಮೊದಲು ಟೀ ಹೇಳುತ್ತಿದ್ದರು, ಆಮೇಲೆ ಪರದೆ ನೋಡುತ್ತಿದ್ದರು. "ಅದಕ್ಕೇನು ನಿನ್ನ ಮ್ಯಾಲೆ ಹಗೆ ಐತೇನು? ಎಲ್ಲಿ ನೋವು ಅಂತ ಹೇಳಾಕ್ ಬರಲ್ಲ ಅದಕ್ಕೆ, ನಾವೇ ಕೇಳ್ಬೇಕು," ಎನ್ನುವುದು ಅವರ ಮಾತು. ಆ ಮಾತು ನೆನಪಾಗಿ ನಾನೂ ಟೀ ತರಿಸಿದೆ. ಒಬ್ಬಳೇ ಕುಡಿದೆ.

ಆಮೇಲೆ ಕೇಳಲು ಶುರು ಮಾಡಿದೆ. ಡಿಸ್ಕಿನಲ್ಲಿ ಜಾಗ ಸಾಲದೇ? ಬೇಕಾದಷ್ಟಿತ್ತು. ಎರಡು ಯಂತ್ರಗಳ ಗಡಿಯಾರ ಹೊಂದುತ್ತಿಲ್ಲವೇ? ಹೊಂದುತ್ತಿತ್ತು. ದಾಟಿಸುವ ಸಲಕರಣೆಯೇ ಹಳೆಯದೇ? ಹೊಸದನ್ನು ಇಳಿಸಿಕೊಂಡೆ. ಹೊಸ ಸರ್ವರನ್ನು ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಕೂರಿಸಿದೆ. ಮತ್ತೆ ಪಟ್ಟೆ ತುಂಬುತ್ತಾ ಬಂತು, ಮತ್ತೆ ಅದೇ ಜಾಗದಲ್ಲಿ ನಿಂತಿತು, ಮತ್ತೆ ಕೆಂಪು. ಊಟಕ್ಕೆ ಕಾಯುತ್ತಿದ್ದ ಅತ್ತೆಯ ಫೋನಿಗೆ "ನೀವು ಉಣ್ರಿ, ನಂದು ಇವತ್ತು ಇಲ್ಲೇ," ಎಂದು ಹೇಳಿ ಫೈರ್‌ವಾಲ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ.

ಆ ಕಡೆ ಇದ್ದವನು ಬೇರೆ ರಾಜ್ಯದ ಒಬ್ಬ ಸಮಾಧಾನದ ಮನುಷ್ಯ, ಇಂಗ್ಲಿಷಿನಲ್ಲಿ ಮಾತು. ನನ್ನ ಪರದೆಯನ್ನು ಅವನೂ ನೋಡುವಂತೆ ಮಾಡಿ, ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಲಾಗನ್ನು ತೆಗೆದೆವು. ಸಾವಿರಾರು ಸಾಲು. ಕೊನೆಗೆ ಬಂದರೆ, ಪ್ರತಿ ಸಲವೂ ಒಂದೇ ಕಡೆ ಕೊಂಡಿ ಕಳಚಿತ್ತು. ಅಲ್ಲಿ ಒಂದು ಹೆಸರು ಇರಬೇಕಾದಲ್ಲಿ ಬರೀ ಪ್ರಶ್ನೆಚಿಹ್ನೆಗಳು ಸಾಲಾಗಿ ನಿಂತಿದ್ದವು.

"ಇಂಗ್ಲಿಷ್ ಅಲ್ಲದ ಅಕ್ಷರ ಏನೋ ಇದೆ ಮೇಡಂ," ಎಂದ ಅವನು. "ಹಳೇ ಆವೃತ್ತಿ ಹೇಗೋ ಸಹಿಸಿಕೊಂಡಿದೆ. ಹೊಸದು ತೆಗೆದುಕೊಳ್ಳುತ್ತಿಲ್ಲ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ತಲೆಬರಹ ಏನು ನೋಡಿ ಹೇಳುತ್ತೀರಾ?"

ನಾನು ನೋಡಲು ಹೋಗಲಿಲ್ಲ. ನೋಡುವುದು ಏನಿತ್ತು?

"ಮೇಡಂ? ಇದ್ದೀರಾ?"

"ಇದ್ದೀನಿ."

ಬೇರೆ ದಾರಿ ಇದೆಯೇ ಎಂದು ಕೇಳಿದೆ. ತಿರುಗಿಸಿ ಮುರುಗಿಸಿ ಕೇಳಿದೆ, ಕೊನೆಗೆ ಜಗಳಕ್ಕೇ ನಿಂತೆ. ಕಂಪನಿಗೆ ಬರೆದು ತಿದ್ದುಪಡಿ ಕೇಳಬಹುದು, ಆದರೆ ಅದು ವಾರಗಟ್ಟಲೆಯ ಮಾತು ಎಂದ. ಇಲ್ಲದಿದ್ದರೆ ಹಳೆಯದನ್ನು ಬಿಟ್ಟು ಖಾಲಿ ಸರ್ವರಿನಲ್ಲಿ ಎಲ್ಲ ಸಾಲುಗಳನ್ನೂ ಕೈಯಿಂದ ಹೊಸದಾಗಿ ಬರೆಯಬೇಕು ಎಂದ. ಹಾಗೆ ಮಾಡಿದರೆ ಸರ್ ಬರೆದದ್ದು ಒಂದು ಸಾಲೂ ಉಳಿಯುವುದಿಲ್ಲ, ಸೋಮವಾರಕ್ಕೆ ಮುಗಿಯುವುದೂ ಇಲ್ಲ. "ಅಷ್ಟು ಯಾಕೆ ಮೇಡಂ, ಆ ಒಂದು ಜಂಕ್ ಸಾಲು ಅಳಿಸಿದರೆ ಎಲ್ಲ ಸರಿಹೋಗುತ್ತದೆ," ಎಂದ.

"ಜಂಕ್ ಅಲ್ಲ ಕಣಯ್ಯ ಅದು!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವನಿಗೆ ಮಾತು ತಿಳಿಯದಿದ್ದರೂ ದನಿ ತಿಳಿದಿರಬೇಕು. ಅದರ ಅರ್ಥವೇನು ಮೇಡಂ ಎಂದು ಮೆಲ್ಲಗೆ ಕೇಳಿದ. ಅದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಲಿ? ಅದನ್ನು ಮೊದಲು ಬರೆಯುತ್ತೇವೆ, ಅಷ್ಟೇ, ಎಂದೆ.

ಆಡಳಿತಾಧಿಕಾರಿಗೆ ಫೋನ್ ಮಾಡಿದೆ. ವಿಷಯವನ್ನೆಲ್ಲ ಕೇಳಿ ಅವರು ನಗಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. "ಒಂದು ತಲೆಬರಹಕ್ಕೋಸ್ಕರ ನಾಳೆ ಹರಿಹರದಲ್ಲಿ ಜನ ಕಾಯೋ ಹಂಗಾಗೋದು ಬ್ಯಾಡಮ್ಮ," ಎಂದರು. ಸರ್ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹೆಚ್ಚು ಸಿಟ್ಟು ಬಂತು. ಅಡುಗೆಮನೆಯ ಮೂಲೆಯಲ್ಲಿ ನನ್ನ ಕೆನ್ನೆ ಸವರಿದ ಕೈಗೆ ನಾನು ಏನೆಂದು ಉತ್ತರ ಕೊಡಲಿ?

ಹಳೇ ಸರ್ವರಿನ ಪರದೆ ತೆಗೆದೆ. ಮೇಲುಗಡೆ ಅದು ಎಂದಿನಂತೆ ಕೂತಿತ್ತು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡೆ. ಆಮೇಲೆ, ಯಾಕೋ ಏನೋ, ಮೇಜಿನ ಕೆಳಗೆ ಕಾಲಿನ ಚಪ್ಪಲಿ ಕಳಚಿಟ್ಟೆ. ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಎಷ್ಟು ಹಗುರಕ್ಕೆ ಹೋಯಿತೆಂದರೆ, ಕೆಳಗಿನ ಸಾಲುಗಳೆಲ್ಲ ಒಂದು ಮೆಟ್ಟಿಲು ಮೇಲೆ ಸರಿದು ಜಾಗ ತುಂಬಿಕೊಂಡವು. ಅಲ್ಲೊಂದು ಏನೋ ಇತ್ತು ಎನ್ನಲು ಗುರುತೇ ಉಳಿಯಲಿಲ್ಲ. ತಲೆಯನ್ನು ಮೇಜಿನ ಮೇಲಿಟ್ಟು ಅತ್ತುಬಿಟ್ಟೆ.

ಮತ್ತೆ ಗಂಟು ಕಟ್ಟಿ, ಮತ್ತೆ ಬಿಚ್ಚಿದೆ. ಈ ಸಲ ಪಟ್ಟೆ ನಿಲ್ಲದೆ ತುಂಬಿ ಹಸಿರಾಯಿತು. ಸರ್ ಬರೆದ ಸಾಲುಗಳೆಲ್ಲ ಒಂದೂ ಬಿಡದಂತೆ ಬಂದಿದ್ದವು, ಲ್ಯಾಬು, ಔಷಧಿ ಅಂಗಡಿ, ಹರಿಹರದ ಎಕ್ಸ್‌ರೇ ಕೋಣೆ. ಮೇಲುಗಡೆ ಮಾತ್ರ ಬೋಳು. ಕೆಲಸವಾಯಿತೆಂದು ತಿಳಿಸಲು ಆ ಹೊಸ ಪರದೆಯ ಫೋಟೊ ತೆಗೆದು ಆಡಳಿತಾಧಿಕಾರಿಗೆ ಕಳಿಸಿದೆ. ಆಮೇಲೆ ತಡೆಯಲಾರದೆ ಹೊಸದರಲ್ಲಿ ಶ್ರೀ ಹಾಕಲು ನೋಡಿದೆ. ಒಪ್ಪಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದೆ, ಒಪ್ಪಿತು. ನೋಡಿದರೆ ಯಾರದೋ ಪಾಸ್‌ವರ್ಡಿನ ಹಾಗೆ ಕಂಡಿತು. ಅದನ್ನೂ ತೆಗೆದುಹಾಕಿ ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ಶ್ರೀ ಇರುವ ಹಳೇ ಗಂಟಿನ ಒಂದು ನಕಲು ಈಗಲೂ ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿದೆ. ಅದರ ಕೆಳಗೆ ಯಾವ ಆಸ್ಪತ್ರೆಯೂ ನಡೆಯುತ್ತಿಲ್ಲ.

ಸೋಮವಾರ ಹರಿಹರದಿಂದ ಮೊದಲ ಚಿತ್ರ ಬಂತು, ಯಾರೋ ಅಜ್ಜಿಯ ಎದೆಯದು. "ಬಂತಮ್ಮ, ಬಾಳ ಚಲೋ ಬಂದೈತೆ," ಎಂದು ಡಾಕ್ಟರು ಫೋನ್ ಮಾಡಿ ಹೇಳಿದರು. ಎಲ್ಲರೂ ಶಹಬ್ಬಾಸ್ ಎಂದರು. ನನಗೆ ಒಂದು ಚೂರೂ ಖುಷಿಯಾಗಲಿಲ್ಲ.

ಮುಂದಿನ ರಜೆಯಲ್ಲಿ ಹರಿಹರಕ್ಕೆ ಹೋದೆ. ಹೇಳಲೇಬೇಕೆಂದು ನಿರ್ಧಾರ ಮಾಡಿಕೊಂಡೇ ಬಸ್ಸು ಹತ್ತಿದ್ದೆ. ಬಸ್‌ಸ್ಟ್ಯಾಂಡಿನಿಂದ ಅವರ ಮನೆಗೆ ನಡೆಯುತ್ತಾ ಮಾತನ್ನು ನಾಕಾರು ಬಗೆಯಲ್ಲಿ ಜೋಡಿಸಿದೆ. ಬಾಗಿಲಲ್ಲಿ ಅಕ್ಕಾರ ಮುಖ ಕಂಡದ್ದೇ ತಡ ಎಲ್ಲವೂ ಮರೆತುಹೋಯಿತು.

"ಬಾರವ್ವ, ಕೂಡು. ಯಾಕ ಇಷ್ಟು ಸೊರಗೀ? ಅತ್ತಿ ಉಣ್ಣಾಕ್ ಹಾಕಲ್ಲೇನು?"

ಸರ್ ಕನ್ನಡಕ ಕಿಟಕಿಯ ಮೇಲೆ ಹಾಗೇ ಇತ್ತು, ಧೂಳಿಲ್ಲದೆ ಒರೆಸಿಟ್ಟಿದ್ದರು. ನೀರು ಕೊಟ್ಟು ಪಕ್ಕದಲ್ಲಿ ಕೂತು ಅಕ್ಕಾರ ಕೇಳಿದ್ದು ಅದನ್ನೇ.

"ಆಸ್ಪತ್ರೀಗೆ ಹೊಸಾ ಮಷಿನ್ ಬಂದೈತಂತೆ, ಎಲ್ಲಾ ಬದಲಾಗೈತಂತೆ. ಅವರ ಶ್ರೀ?"

ನನ್ನ ಬಾಯಿ ಯಾರಿಗೂ ಬಾಗುವುದಲ್ಲ, ಡಾಕ್ಟರಿಗೂ ಎದುರಾಡಿದ ಬಾಯಿ. ಅವತ್ತು ಕಚ್ಚಿಕೊಂಡುಬಿಟ್ಟಿತು. ಮಾತಾಡುವ ಬದಲು ಮೊಬೈಲ್ ತೆಗೆದು, ಅಳಿಸುವ ಮೊದಲು ತೆಗೆದ ಆ ಫೋಟೊ ತೋರಿಸಿದೆ. ಅಕ್ಕಾರ ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತಿರಕ್ಕೆ ತಂದು ನೋಡಿದರು. "ಅವರ ಕೈದೇ," ಎಂದರು, ಅದು ಕೈಬರಹವಲ್ಲದಿದ್ದರೂ. ಬೆರಳಿನಿಂದ ಅಕ್ಷರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇನ್ನೊಮ್ಮೆ ಮುಟ್ಟಿದರು. ಬೆರಳು ತುಸು ಜಾರಿ ಚಿತ್ರ ಪಕ್ಕಕ್ಕೆ ಸರಿಯಿತು, ಮುಂದಿನದು ಬಂತು.

"ಇದ್ಯಾವುದವ್ವ? ಇದರಾಗ ಇಲ್ಲಲ್ಲ."

ಅಕ್ಕಾರ ಹಿಂದಕ್ಕೆ ಸರಿಸಿ ಒಮ್ಮೆ ನೋಡಿದರು, ಮುಂದಕ್ಕೆ ಸರಿಸಿ ಒಮ್ಮೆ ನೋಡಿದರು.

"ಈಗ ನಡೀತಿರೋದು ಯಾವುದು?"

"ಇದು, ಅಕ್ಕಾರ."

"ಯಾರು ಅಳಿಸಿದ್ರು?"

"ನಾನೇ. ಅದು ದಾಟ್ತಾ ಇರ್ಲಿಲ್ರೀ, ಏನೇನೋ ಮಾಡಿ ನೋಡ್ದೆ, ಬ್ಯಾರೆ ದಾರಿನೇ..."

ಅಕ್ಕಾರ ಸಾಕು ಎನ್ನುವಂತೆ ಕೈ ಎತ್ತಿದರು. ಬಯ್ಯಲಿ, ಹೊಡೆಯಲಿ, ಬಾಗಿಲು ತೋರಿಸಲಿ ಎಂದು ಕೂತೆ. ಅವರು ಮೊಬೈಲನ್ನು ನನ್ನ ಮಡಿಲಿಗಿಟ್ಟರು.

"ನೀನೇ ಅಳಿಸಿದ್ದಾ? ನಿನ್ನ ಕೈಯಾರೆ?"

"ಹ್ಞೂಂ."

"ಅವತ್ತು ನನ್ನ ಹಣೇದನ್ನ ಯಾರು ಒರೆಸಿದ್ರೋ ನಂಗಿನ್ನೂ ಗೊತ್ತಿಲ್ಲವ್ವ," ಎಂದರು ಅಕ್ಕಾರ. "ಹಿಂದಿನಿಂದ ಒಂದು ಕೈ ಬಂತು, ಒರೆಸ್ತು, ಹೋತು. ಈಗ್ಲೂ ಮನೀಗೆ ಯಾರಾದ್ರೂ ಹೆಂಗಸ್ರು ಬಂದ್ರೆ ಅವರ ಕೈ ನೋಡ್ತಾ ಕೂಡ್ತೀನಿ, ಇವಳದೇನು, ಇವಳದೇನು ಅಂತ." ನನ್ನ ಬಲಗೈಯನ್ನು ತೆಗೆದುಕೊಂಡು ತಮ್ಮ ಕೈಯೊಳಗೆ ಇಟ್ಟುಕೊಂಡರು. "ಇದನ್ನ ಅಳಿಸಿದ್ದು ಯಾರ ಕೈ ಅಂತ ಗೊತ್ತಾತಲ್ಲ. ಅಷ್ಟು ಸಾಕು ಬಿಡು."

ನಾನು ಬಿಕ್ಕಿಬಿಕ್ಕಿ ಅತ್ತೆ. ಅಕ್ಕಾರ ಅಳಲಿಲ್ಲ. ಉಂಡು ಹೋಗುವಿಯಂತೆ ಎಂದು ತಾಟು ಹಾಕಲು ಒಳಗೆ ಎದ್ದುಹೋದರು.